ಬೋರಕ್ಕನ ಗೋಡೆಗೆ ಬೆನ್ನು ಕೊಟ್ಟ ಊರು

ಬಾಳ ಹಿಂದೆ, ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟಿದ್ಲೋ ಇಲ್ವೋ, ಅದಕ್ಕೂ ಹಿಂದೆ, ಕರಿಗುಡ್ಡದ ಬುಡಕ್ಕೆ ಒಂದು ಊರಿತ್ತಂತೆ. ಆ ಊರಾಗೆ ಇಟ್ಟಿಗೆ ಕಂಡೋರಿಲ್ಲ, ಸುಣ್ಣ ಕಂಡೋರಿಲ್ಲ. ಮಣ್ಣೇ ಗೋಡೆ, ಮಣ್ಣೇ ನೆಲ, ಮಣ್ಣೇ ಮಾಳಿಗೆ. ಯಾವೂರು ಅಂತ ಕೇಳಬ್ಯಾಡ್ರಿ. ಗುಡ್ಡದ ಆ ಕಡೆಯೋರು ಅದು ನಮ್ಮೂರು ಅಂಬ್ತಾರೆ, ಈ ಕಡೆಯೋರು ನಮ್ಮೂರು ಅಂಬ್ತಾರೆ. ನಾನಂತೂ ನಮ್ಮೂರೇ ಅಂಬ್ತೀನಿ. ನನ್ನ ಮನೆ ಗೋಡೆ ಹಾಕಾಕೆ ಬಂದು, ನನ್ನ ಅಂಬಲಿ ಕುಡಿದು ಕುಂತಿದೀರಿ. ಸುಮ್ನೆ ಹೂಂ ಅನ್ರಿ.

ಲೇ ತಿಪ್ಪೇಸ, ನಿನಗೇ ಹೇಳ್ತಿರೋದು. ಆ ಮೂಲೆಯಾಗೆ ಗೋಡೇಲಿ ಒಂದು ಮುದ್ದೆ ಮಣ್ಣಿನಷ್ಟು ಸಂದು ಬಿಟ್ಟೈತಲ್ಲ, ಅದನ್ನ ಮುಚ್ಚಾಕೆ ಹೋಗಿದ್ದೆ ನೀನು. ನಾನು ಕೂಗಿಕೊಂಡೆ ಅಂತ ಮುಖ ಊದಿಸ್ಕೊಂಡು ಕುಂತಿದೀಯ. ಊದಿಸ್ಕೋ. ಯಾಕೆ ಕೂಗಿದೆ ಅಂತ ಕೇಳು ಈಗ. ಈ ಊರಿಗೆ ಬಂದು ನಾಕು ದಿನ ಆಗಿಲ್ಲ, ಮಾವನ ಮನೆ ಅಂತ ಸಲಿಗೆ ನೋಡು ಇವನಿಗೆ.

ಆ ಊರಾಗೆ ಬೋರಕ್ಕ ಅಂಬೋ ಹೆಂಗಸು ಇದ್ಲಂತೆ. ಗಂಡ ಸತ್ತೋಳು. ಒಬ್ಬಳೇ ಮಗಳು, ದುಗ್ಗಿ ಅಂತ. ಹೊಲ ಇಲ್ಲ, ಎತ್ತಿಲ್ಲ, ಕೆರೆ ಕೋಡಿ ಹತ್ರ ಒಂದು ಹುಲ್ಲಿನ ಗುಡ್ಲು. ಆದ್ರೆ ಆ ಊರಾಗೆ ಯಾರು ಗೋಡೆ ಎತ್ತಲಿ, ಕೆಸರು ತುಳಿಯಾಕೆ ಮೊದಲು ಕಾಲಿಡೋಳು ಬೋರಕ್ಕನೇ. ಗುಂಡಿಯಾಗೆ ಮಣ್ಣು ನೆನೆ ಹಾಕಿ, ಹುಲ್ಲು ಉದುರಿಸಿ, ಆಯಮ್ಮ ಸೀರೆ ಎತ್ತಿ ಕಟ್ಟಿ ಇಳಿದ್ಲು ಅಂದ್ರೆ ಮುಗೀತು. ಹಿಮ್ಮಡಿ ಒಂದು ಸಲ ಒತ್ತಿ, "ಇನ್ನೊಂದು ಬಿಂದಿಗೆ ನೀರು" ಅಂದ್ರೆ ಒಂದೇ ಬಿಂದಿಗೆ. "ಇನ್ನೊಂದು ದಿನ ನೆನೀಲಿ" ಅಂದ್ರೆ ಒಂದೇ ದಿನ. ಕಣ್ಣಿಂದ ನೋಡ್ತಿರಲಿಲ್ಲವಂತೆ, ಕಾಲಿಂದ ನೋಡ್ತಿದ್ಲಂತೆ.

ಗೋಡೆ ಹಾಕೋದು ಹೆಂಗೆ ಅಂತ ನಿಮಗೆ ಗೊತ್ತೈತೆ, ಇವತ್ತು ಬೆಳಿಗ್ಗೆಯಿಂದ ಮಾಡಿದೀರಿ. ಮಂಡಿ ಎತ್ತರಕ್ಕೆ ಮನೆ ಸುತ್ತ ಒಂದು ಸುತ್ತು ಬಂದ್ರೆ ಒಂದು ವರಸೆ. ಒಂದು ವರಸೆ ಹಾಕಿದ ಮೇಲೆ ಕೈ ತೊಳಕೊಂಡು ಮನೆಗೆ ಹೋಗಬೇಕು. ಅದು ಬಿಸಿಲು ಕುಡಿದು ಗಟ್ಟಿ ಆಗೋ ತನಕ ಎರಡನೇ ವರಸೆ ಮಾತು ಎತ್ತಂಗಿಲ್ಲ. ಗಟ್ಟಿ ಆಯ್ತೋ ಇಲ್ವೋ ಅಂತ ನೋಡಾಕೆ ನಾವು ಉಗುರು ಚುಚ್ಚಿ ನೋಡ್ತೀವಿ. ಬೋರಕ್ಕ ಕೆನ್ನೆ ಇಡ್ತಿದ್ಲಂತೆ. ಗೋಡೆಗೆ ಕೆನ್ನೆ ಇಟ್ಟು ಕಣ್ಣು ಮುಚ್ಚಿ, ಒಳಗೆ ನೀರು ಇನ್ನೂ ಐತಾ ಅಂತ ಕೇಳ್ತಿದ್ಲಂತೆ. ಆಯಮ್ಮ ಕೆನ್ನೆ ಇಟ್ಟು ಒಪ್ಪಿದ ಗೋಡೆ ಒಂದೂ ಬಿದ್ದಿಲ್ಲ ಅಂಬ್ತಾರೆ. ಪಾಳೇಗಾರನ ಆನೆ ಬಂದು ಮೈ ಉಜ್ಜಿದ್ರೆ ಆನೆಯೇ ಸುಸ್ತಾಗಿ ಹೋಯ್ತು ಅಂಬ್ತಾರೆ. ಆನೆ ಯಾವಾಗ ಬಂದಿತ್ತು ಈ ಕಡೆಗೆ ಅಂತ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ. ಆನೆ ಬಿಡ್ರಿ, ಗೋಡೆ ಬೀಳಲಿಲ್ಲ ಅಂಬೋದು ನಿಜ. ನಮ್ಮಜ್ಜಿ ಕೈ ಮುಗಿದು ಹೇಳ್ತಿದ್ಲು.

ಇದೆಲ್ಲ ಕೂಲಿ ಕೆಲಸ ಅಲ್ಲ, ಮುಯ್ಯಾಳು. ಇವತ್ತು ನಾನು ನಿನ್ನ ಗೋಡೆಗೆ ಬಂದ್ರೆ ನಾಳೆ ನೀನು ನನ್ನ ಗೋಡೆಗೆ ಬರಬೇಕು. ಅದೂ ಸುಮ್ನೆ ಬಂದು ನಿಂತು ಹಲ್ಲು ಗಿಂಜೋದಲ್ಲ. ಮನೆಗೊಂದು ಮುದ್ದೆ ಮಣ್ಣಾದ್ರೂ ನಿನ್ನ ಕೈಯಿಂದ ಆ ಗೋಡೆಗೆ ಬೀಳಬೇಕು. ಆವಾಗಲೇ ಮುಯ್ಯಿ ತೀರೋದು. ಯಾರಿಗಾದ್ರೂ ನಿನ್ನ ಮುಯ್ಯಿ ನನಗೆ ಬ್ಯಾಡ ಅಂದ್ರೆ, ನಿನಗೂ ನನಗೂ ಇನ್ನು ಬೆಂಕಿ ನೀರು ಇಲ್ಲ ಅಂದಂಗೆ. ಉಣ್ಣಾಕಿಕ್ಕಿದ ಅನ್ನ ಬ್ಯಾಡ ಅಂದ್ರೂ ಒಪ್ಪಿಕೊಂಡಾರು, ಮುಯ್ಯಿ ಬ್ಯಾಡ ಅಂದ್ರೆ ಒಪ್ತಿರಲಿಲ್ಲ ಅಂಬ್ತಾರೆ.

ಹಿಂಗಿರೋವಾಗ ಆ ಊರಾಗೆ ಗುಜ್ಜಾರಪ್ಪ ಅಂತ ಒಬ್ಬ. ಒಳ್ಳೆ ರೈತ, ಆದ್ರೆ ಮೂಗಿನ ತುದೀಲಿ ಸಿಟ್ಟು. ಆಯಪ್ಪ ಮನೆ ಕಟ್ಟುವಾಗ ಹಬ್ಬ ಹತ್ರ ಬಂತು ಅಂತ ಅವಸರ ಬಿದ್ದು, ಹಸಿ ವರಸೆ ಮೇಲೆ ಇನ್ನೊಂದು ವರಸೆ ಹಾಕಿಸಿದ. ಬೋರಕ್ಕ ಬಂದು ಕೆನ್ನೆ ಇಟ್ಲು. ಹಿಂದಕ್ಕೆ ಸರಿದು, ಕಾಲೆತ್ತಿ ಒಂದು ಒದ್ದಳು ನೋಡ್ರಿ, ಗೋಡೆ ಅಷ್ಟೂ ಕುಸಿದು ಕುಂತ್ಕಂತು. ಬೀಗರು ಬಿಜ್ಜರು ಎಲ್ಲ ನಿಂತಿದ್ರು. ಬಿದ್ರೆ ನಿನ್ನ ಮಕ್ಕಳ ಮೇಲೆ ಬೀಳ್ತಿತ್ತು ಅಂತ ಹೇಳಿ ಆಯಮ್ಮ ತನ್ನ ಪಾಡಿಗೆ ತಾನು ಹೊರಟೋದ್ಲು. ಆಮೇಲೆ ಅವನ ಮನೆ ಗೋಡೆ ಸರಿಯಾಗೇ ಎದ್ದು ನಿಂತ್ಕಂತು, ಅದಕ್ಕೂ ಬೋರಕ್ಕನೇ ಕೆಸರು ತುಳಿದ್ಲು. ಆದ್ರೆ ಹತ್ತು ಜನರ ಮುಂದೆ ಗೋಡೆ ಒದೆಸ್ಕೊಂಡ ಗಂಡಸು ಅವನು. ಅವತ್ತಿಂದ ಆಯಮ್ಮನ ಕೂಡೆ ಮಾತು ಬಿಟ್ಟ. ಎದುರಿಗೆ ಬಂದ್ರೆ ಓಣಿ ಬದಲಾಯಿಸ್ತಿದ್ದನಂತೆ. ಬೋರಕ್ಕನಿಗೆ ಅದು ಬಾಳ ದಿನ ನೋಯ್ತು. ಒದ್ದಿದ್ದಕ್ಕಲ್ಲ. ಎಲ್ಲರ ಮುಂದೆ ಒದ್ದೆನಲ್ಲ ಅಂತ.

ಈಗ ಮಗಳ ವಿಚಾರ ಕೇಳ್ರಿ. ದುಗ್ಗಿ ಚೊಚ್ಚಲ ಹೆರಿಗೆಗೆ ತಾಯಿ ಹತ್ರ ಬಂದಿದ್ಲಂತೆ, ಮಳೆಗಾಲದಾಗೆ. ಆ ಗುಡ್ಲು ಹೆಂಗಿತ್ತು ಅಂದ್ರೆ ಮಳೆ ಮೇಲಿಂದಲೂ ಬರ್ತಿತ್ತು, ಪಕ್ಕದಿಂದಲೂ ಬರ್ತಿತ್ತು. ಹುಟ್ಟಿದ ಕೂಸಿಗೆ ಶೀತ ಹತ್ತಿ ಮೈ ತಣ್ಣಗಾಯ್ತು, ಉಳೀಲಿಲ್ಲ. ಬೋರಕ್ಕ ಆ ಕೂಸನ್ನ ತಾನೇ ಗುಂಡಿ ತೋಡಿ ಮಣ್ಣು ಮಾಡಿದ್ಲು. ಊರಿಗೆಲ್ಲ ಗೋಡೆ ಹಾಕಿದ ನನಗೆ ಒಂದು ಕೂಸಿಗೆ ಗಾಳಿ ಮರೆ ಮಾಡಾಕೆ ಆಗಲಿಲ್ಲವಲ್ಲ ಅಂತ ಅತ್ತಳಂತೆ. ಆಯಮ್ಮ ಅತ್ತಿದ್ದನ್ನ ಊರು ಕಂಡಿದ್ದು ಅದೇ ಮೊದಲು.

ಒಂದೆರಡು ವರ್ಷಕ್ಕೆ ದುಗ್ಗಿ ಮತ್ತೆ ಬಸುರಾದ್ಲು. ಮತ್ತೆ ಮಳೆಗಾಲಕ್ಕೇ ದಿನ ತುಂಬೋದು. ಆವಾಗ ಬೋರಕ್ಕ ಜೀವಮಾನದಾಗೆ ಮೊದಲ ಸಲ ಮನೆ ಮನೆ ಬಾಗಿಲಿಗೆ ಹೋಗಿ, ನನ್ನ ಮುಯ್ಯಿ ಬೇಕಾಗೈತೆ, ನನಗೊಂದು ಕೋಣೆ ಬೇಕು ಅಂತ ಕೇಳಿದ್ಲು. ಮಳೆ ಹುಯ್ಯಾಕೆ ಇನ್ನೂ ದಿನ ಇದ್ವು. ದಿನ ಬಿಟ್ಟು ದಿನ ಒಂದೊಂದು ವರಸೆ ಹಾಕಿದ್ರೂ ಸಾವಕಾಶವಾಗಿ ಮುಗೀತಿತ್ತು. ಎಲ್ಲ ಲೆಕ್ಕ ಹಾಕಿಯೇ ಕೇಳಿದ್ಲು ಆಯಮ್ಮ.

ಊರು ಬರೋದು ಬಂತು ನೋಡ್ರಪ್ಪ. ಕೋಳಿ ಕೂಗೋ ಹೊತ್ತಿಗೆ ಗುಡ್ಲ ಮುಂದೆ ಜಾತ್ರೆಯಂಗೆ ಜನ. ಯಾರ ಮನೇಲಿ ಬೋರಕ್ಕನ ಕಾಲು ಕೆಸರು ತುಳಿದಿಲ್ಲ ಹೇಳ್ರಿ? ಎಲ್ಲರ ತಲೆ ಮೇಲೂ ಆಯಮ್ಮನ ಮುಯ್ಯಿ ಇತ್ತು. ಕುಂಟರು ಬಂದ್ರು, ಮುದುಕರು ಬಂದ್ರು, ಹಾಲು ಕುಡಿಯೋ ಕೂಸು ಕಂಕುಳಿಗೆ ಇಟ್ಕೊಂಡ ಬಾಣಂತಿಯರು ಬಂದ್ರು. ಕೈಯಿಂದ ಕೈಗೆ ಮಣ್ಣಿನ ಮುದ್ದೆ ಓಡಿದ್ವು. ಹೊತ್ತು ನೆತ್ತಿಗೆ ಬರೋ ಮುಂಚೇನೇ ಒಂದು ವರಸೆ ಸುತ್ತು ಬಂದು ಮುಗೀತು. ಬೋರಕ್ಕ ಸುತ್ತಲೂ ನಡೆದು ನೋಡಿ, ಸಾಕು ಇವತ್ತಿಗೆ, ಗೋಡೆ ಒಣಗಲಿ, ಮತ್ತೆ ಕರೀತೀನಿ, ಎಲ್ಲರೂ ಅಂಬಲಿ ಕುಡಿದು ಹೋಗ್ರಿ ಅಂದ್ಲಂತೆ.

ಅಷ್ಟರಾಗೆ ಗುಜ್ಜಾರಪ್ಪ ಬಂದ.

ತಲೆ ಮೇಲೆ ಮಂಕರಿ, ಮಂಕರಿ ತುಂಬ ಮಣ್ಣು. ಹಿಂದೆ ಹೆಂಡತಿ, ಮಕ್ಕಳು. ಅದು ಎಂಥ ಮಣ್ಣು ಅಂತೀರಿ? ಬೋರಕ್ಕ ಒದ್ದು ಕೆಡವಿದ್ದ ಗೋಡೆ ಮಣ್ಣು. ಆಯಪ್ಪ ಅದನ್ನ ಹಿತ್ತಲಾಗೆ ಗುಡ್ಡೆ ಮಾಡಿ ಇಟ್ಕೊಂಡಿದ್ನಂತೆ, ಇಷ್ಟು ವರ್ಷ. ಬೆಳಿಗ್ಗೆಯಿಂದ ಹೋಗ್ಲೋ ಬ್ಯಾಡ್ವೋ, ಹೋಗ್ಲೋ ಬ್ಯಾಡ್ವೋ ಅಂತ ಹಿತ್ತಲಾಗೇ ಸುತ್ತಾಡಿ, ಕೊನೆಗೆ ಆ ಮಣ್ಣನ್ನೇ ತುಂಬ್ಕೊಂಡು, ನೀರು ಹಾಕಿ ಕಲಸ್ಕೊಂಡು ಬಂದಿದ್ದ. ಬಂದು ನೋಡ್ತಾನೆ, ವರಸೆ ಮುಗಿದೈತೆ. ಒಂದು ಮುದ್ದೆ ಇಡಾಕೂ ಜಾಗ ಇಲ್ಲ. ಮಂಕರಿ ಇಳಿಸಿ, ಮುದ್ದೆ ಕೈಯಾಗೆ ಹಿಡ್ಕೊಂಡು ಹಂಗೇ ನಿಂತ.

ಬೋರಕ್ಕ ಅವನ ಮುಖ ನೋಡಿದ್ಲು. ಆ ಮಣ್ಣು ನೋಡಿದ್ಲು. ನಾಳಿದ್ದು ಬಾರಪ್ಪ ಅಂದಿದ್ರೆ ಮುಗೀತಿತ್ತು. ಆದ್ರೆ ಅಷ್ಟು ಜನರ ಮುಂದೆ ಅವನ ಗೋಡೆ ಒದ್ದೋಳು, ಅಷ್ಟೇ ಜನರ ಮುಂದೆ ಅವನ ಕೈ ಮಣ್ಣನ್ನ ವಾಪಸ್ ಕಳಿಸಾಕೆ ಆಯಮ್ಮನಿಗೆ ಬಾಯಿ ಬರಲಿಲ್ಲ.

"ಹಾಕಪ್ಪ" ಅಂದ್ಲು.

ಅವನು ಹಸಿ ವರಸೆ ಮೇಲೆ ಆ ಮುದ್ದೆ ಇಟ್ಟ. ಬೋರಕ್ಕ ಜೀವಮಾನದಾಗೆ ತಪ್ಪಿ ಆಡಿದ ಮಾತು ಅಂದ್ರೆ ಅದೊಂದೇ ಅಂಬ್ತಾರೆ.

ಒಂದು ಮುದ್ದೆಗೆ ನಿಂತಿದ್ರೆ ಏನೂ ಆಗ್ತಿರಲಿಲ್ಲ. ಅವನ ಹಿಂದೇನೇ ಹೊಲಕ್ಕೆ ಹೋಗಿ ತಡವಾಗಿ ಬಂದೋರು ನಾಕು ಮನೆಯೋರು. ಗುಜ್ಜಾರಪ್ಪಂಗೆ ಹೂಂ ಅಂದು ಇವರಿಗೆ ಊಹೂಂ ಅನ್ನಾಕೆ ಆಗ್ತದಾ? ಅವರೂ ಹಾಕಿದ್ರು. ಅದನ್ನ ಕಂಡು ಮೊದಲು ಬಂದೋರಿಗೆ ಹುರುಪು ಬಂತು. ನಾವೇನು ಕಡಿಮೆ ಅಂತ ಅವರೂ ಸೊಂಟ ಕಟ್ಟಿದ್ರು. ಎರಡನೇ ವರಸೆ ಮುಗೀತು, ಮೂರನೇದು ಎದ್ದಿತು. ಪ್ರೀತಿ ಕಣ್ರಪ್ಪ ಅದು, ಮತ್ತೇನಲ್ಲ. ಬೋರಕ್ಕನಿಗೆ ಒಂದೇ ದಿನಕ್ಕೆ ಮನೆ ಕಟ್ಟಿ ಕೊಟ್ವಿ ಅಂತ ಹೇಳ್ಕೊಳ್ಳೋ ಆಸೆ ಇಡೀ ಊರಿಗೆ. ಆಳೆತ್ತರ ಗೋಡೆ ಆಯ್ತು. ಇನ್ನು ಗುಡ್ಲು ಯಾಕೆ ಅಂತ ಅದನ್ನ ಕಿತ್ತು, ಅದರ ಬೊಂಬು ಹುಲ್ಲನ್ನೇ ಹೊಸ ಗೋಡೆ ಮೇಲೆ ಹೊದಿಸಿಬಿಟ್ರು. ದುಗ್ಗಿ ತುಂಬಿದ ಬಸುರಿ, ಬೇವಿನ ಮರದ ಕೆಳಗೆ ಕುಂತು ನಗ್ತಾ ನೋಡ್ತಿದ್ಲಂತೆ.

ಬೋರಕ್ಕ ಗೋಡೆ ಹಿಂದಕ್ಕೆ ಹೋಗಿ ಕೆನ್ನೆ ಇಟ್ಲು. ಬಂದಾಗ ಕೆನ್ನೆ ತುಂಬ ಕೆಸರು, ಮುಖದಾಗೆ ರಕ್ತ ಇಲ್ಲ. ಆಕಾಶ ನೋಡಿದ್ಲು. ಮೋಡ ಇರಲಿಲ್ಲ. ಮಳೆ ಬರದಿದ್ರೆ ನಿಂತೀತು ಅಂತ ಮನಸಿಗೆ ಹೇಳ್ಕೊಂಡು, ಎಲ್ಲರಿಗೂ ತಾನೇ ರಾಗಿ ಮುದ್ದೆ ಬಡಿಸಿದ್ಲು.

ಮಳೆ ಯಾರ ಲೆಕ್ಕ ಕೇಳ್ತದೆ? ಊಟ ಮುಗಿಯೋ ಹೊತ್ತಿಗೆ ಗುಡ್ಡದ ಹಿಂದಿಂದ ಮೋಡ ಎದ್ದು ಬಂತು. ಮೊದಲ ಹನಿ ಬಿದ್ದಿದ್ದೂ ದುಗ್ಗಿಗೆ ನೋವು ಬಂದಿದ್ದೂ ಒಂದೇ ಗಳಿಗೆಗೆ ಅಂಬ್ತಾರೆ. ಗುಡ್ಲು ಕಿತ್ತಾಗಿತ್ತು. ಮಳೆಯಾಗೆ ನೆನೆಯೋ ಬಸುರೀನ ಹೆಂಗಸರು ಗಾಬರೀಲಿ ಹೊಸ ಕೋಣೆ ಒಳಕ್ಕೇ ಕರಕೊಂಡು ಹೋದ್ರು. ಸೂಲಗಿತ್ತಿಯೂ ಒಳಗೆ ಹೋದ್ಲು. ಹೊರಗೆ ಮಳೆ ಹಿಡೀತು. ಆವಾಗ ಯಾರೋ ನೋಡಿದ್ರು. ಗೋಡೆ ಹೊಟ್ಟೆ ಬಿಡ್ತಾ ಇತ್ತು. ಕೆಳಗಿನ ಹಸಿ ವರಸೆ ಮೇಲಿನ ಭಾರ ತಡೀದೆ ಹೊರಕ್ಕೆ ಉಬ್ಬುತಾ ಇತ್ತು.

ಹೊರಕ್ಕೆ ತನ್ರೇ ಅಂತ ಗಂಡಸರು ಕೂಗಿದ್ರು. ಕೂಸಿನ ತಲೆ ಬಂದೈತೆ, ಈಗ ಎತ್ತಿದ್ರೆ ತಾಯಿನೂ ಇಲ್ಲ ಕೂಸೂ ಇಲ್ಲ ಅಂತ ಸೂಲಗಿತ್ತಿ ಒಳಗಿಂದ ಹೇಳಿದ್ಲು.

ಇಡೀ ಊರು ಮಳೆಯಾಗೆ ನಿಂತಿತ್ತು. ತಾವೇ ಪ್ರೀತಿಯಿಂದ ಎತ್ತಿದ ಗೋಡೆ ದುಗ್ಗಿ ಮೇಲೆ ಬೀಳ್ತದೆ ಅಂತ ಎಲ್ಲರಿಗೂ ಗೊತ್ತಾಯ್ತು. ಒಬ್ಬರ ಮುಖ ಒಬ್ಬರು ನೋಡಲಿಲ್ಲವಂತೆ.

ಬೋರಕ್ಕ ಹೋದ್ಲು. ಗೋಡೆ ಎಲ್ಲಿ ಜಾಸ್ತಿ ಉಬ್ಬಿತ್ತೋ ಅಲ್ಲಿಗೆ ಹೋಗಿ, ತಿರುಗಿ, ಬೆನ್ನು ಕೊಟ್ಟು ನಿಂತ್ಲು. ಹಿಮ್ಮಡಿ ನೆಲಕ್ಕೆ ಒತ್ತಿ, ಗೋಡೆಯನ್ನ ದೂಡ್ಲಿಲ್ಲ, ಎಳೀಲಿಲ್ಲ. ಸುಮ್ನೆ ನಿಂತ್ಲು. ಉಬ್ಬು ಆಯಮ್ಮನ ಬೆನ್ನಿನ ಹತ್ರ ನಿಂತ್ಕಂತು ಅಂಬ್ತಾರೆ. ಆದ್ರೆ ಒಂದು ಬೆನ್ನು ಎಷ್ಟು ಅಗಲ ಇರ್ತದೆ? ಪಕ್ಕದಾಗೆ ಉಬ್ಬಾಕೆ ಹತ್ತಿತು.

ಆವಾಗ ಗುಜ್ಜಾರಪ್ಪ ಓಡಿ ಬಂದು ಆಯಮ್ಮನ ಪಕ್ಕಕ್ಕೆ ಬೆನ್ನು ಕೊಟ್ಟ. ತಪ್ಪಾಯ್ತವ್ವ ಅಂತ ಬಾಯಿ ತೆಗೆದನಂತೆ.

"ಮಾತಾಡಬ್ಯಾಡ" ಅಂದ್ಲು ಬೋರಕ್ಕ. "ಮಾತಾಡಿದ್ರೆ ಬೆನ್ನು ಅಲುಗ್ತದೆ."

ಅವನ ಪಕ್ಕಕ್ಕೆ ಅವನ ಹೆಂಡತಿ. ಅವಳ ಪಕ್ಕಕ್ಕೆ ಇನ್ನೊಬ್ಬ. ಹಂಗೇ ಒಬ್ಬರಾದ ಮೇಲೊಬ್ಬರು ಬಂದು ಮನೆ ಸುತ್ತ ಬೆನ್ನು ಕೊಟ್ಟು ನಿಂತ್ರು. ಗೌಡನ ಬೆನ್ನು, ಕುರುಬನ ಬೆನ್ನು, ಮಡಿವಾಳಗಿತ್ತಿ ಬೆನ್ನು. ಆವತ್ತಿನ ತನಕ ಒಬ್ಬರನ್ನೊಬ್ಬರು ಮುಟ್ಟದೇ ಇದ್ದೋರು ತೋಳಿಗೆ ತೋಳು ಹತ್ತಿ ನಿಂತ್ರು. ನಿಂತ್ಕೊಳ್ಳಾಕೆ ಆಗದ ಮುದುಕಿಯರು ಬುಡಕ್ಕೆ ಕುಂತು ಬೆನ್ನು ಕೊಟ್ರು. ತಲೆ ಮೇಲೆ ಕಂಬಳಿ ಎಳಕೊಂಡು ಗೋಡೆಗೆ ಮಳೆ ತಾಗದಂಗೆ ಮರೆ ಆದ್ರು. ಒಬ್ಬರೂ ಮಾತಾಡಲಿಲ್ಲ. ಒಳಗೆ ದುಗ್ಗಿ ನರಳೋದು, ಹೊರಗೆ ಮಳೆ. ನಮ್ಮಜ್ಜಿ ಇದನ್ನ ಹೇಳುವಾಗ ತಾನೂ ಎದ್ದು ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ತಿದ್ಲು. ನಮಗೆಲ್ಲ ಮೈ ಜುಮ್ ಅಂತಿತ್ತು. ನನಗೆ ಈಗ್ಲೂ ಅಂತದೆ ನೋಡ್ರಿ, ಕೈ ಮೇಲಿನ ಕೂದಲು ನೋಡ್ರಿ.

ಎಷ್ಟು ಹೊತ್ತೋ ಆದ ಮೇಲೆ ಕೂಸು ಹುಟ್ಟಿತು. ಅದರ ಅಳು ಕಿವಿಗೆ ಬರೋಕೆ ಮುಂಚೆ ಬೆನ್ನಿಗೆ ಬಂತು ಅಂಬ್ತಾರೆ. ಹಸಿ ಗೋಡೆ ಒಳಗಿಂದ ಸಣ್ಣಗೆ ನಡುಗಿದಂಗೆ ಆಗಿ, ಮನೆ ಸುತ್ತ ನಿಂತ ಅಷ್ಟೂ ಜನರ ಬೆನ್ನಿಗೆ ಏಕ್ದಂ ಗೊತ್ತಾಯ್ತಂತೆ. ಆದ್ರೂ ಯಾರೂ ಕುಣೀಲಿಲ್ಲ, ಯಾರೂ ತಿರುಗಿ ನೋಡಲಿಲ್ಲ. ನಿಂತಲ್ಲೇ ಅತ್ತರು. ಗುಜ್ಜಾರಪ್ಪನೂ ಅತ್ತ. ಕಣ್ಣು ಒರೆಸ್ಕೊಳ್ಳಾಕೂ ಕೈ ಎತ್ತಲಿಲ್ಲ.

ಮಳೆ ನಿಂತ ಮೇಲೂ ಬೆನ್ನು ತೆಗೆಯಂಗಿರಲಿಲ್ಲ. ತಾಯಿ ಮಗೂನ ಹುಷಾರಾಗಿ ಹೊರಗೆ ತಂದು ಹತ್ರದ ಮನೆಗೆ ಒಯ್ದ್ರು, ಆದ್ರೂ ಊರೋರು ಬೆನ್ನು ತೆಗೀಲಿಲ್ಲ. ಯಾಕೆ ಅಂದ್ರೆ ಅದು ಬೋರಕ್ಕನ ಮನೆ. ಬಿಟ್ರೆ ಬೀಳ್ತದೆ. ಸೂರ್ಯ ಬರೋ ತನಕ ನಿಂತ್ರು ಅಂತ ಕೆಲವರು ಅಂಬ್ತಾರೆ, ಗೋಡೆ ಒಣಗೋ ತನಕ ಸರದಿ ಮೇಲೆ ದಿನಗಟ್ಲೆ ನಿಂತ್ರು ಅಂತ ಕೆಲವರು. ಒಬ್ಬರು ಬೆನ್ನು ತೆಗೆದ್ರೆ ಅದೇ ಗಳಿಗೆಗೆ ಇನ್ನೊಬ್ಬರು ಕೊಡೋರು. ಅಂಬಲಿ ತಂದು ಬಾಯಿಗೆ ಹಿಡಿಯೋರು. ನನ್ನ ಕೇಳಿದ್ರೆ ದಿನಗಟ್ಲೆ ಅಂಬ್ತೀನಿ. ನೀವು ನಂಬ್ರಿ, ಬಿಡ್ರಿ.

ಕೊನೆಗೆ ಬಿಸಿಲು ಬಿತ್ತು, ಗೋಡೆ ಗಟ್ಟಿ ಹಿಡೀತು. ಒಬ್ಬೊಬ್ಬರಾಗಿ ಮೆಲ್ಲಗೆ ಬೆನ್ನು ಬಿಡಿಸ್ಕೊಂಡ್ರು. ಎಲ್ಲರಿಗಿಂತ ಕೊನೆಗೆ ಬೋರಕ್ಕ. ಆಯಮ್ಮ ತಿರುಗಿ ಗೋಡೆಗೆ ಕೆನ್ನೆ ಇಟ್ಲು. ಬಾಳ ಹೊತ್ತು ಇಟ್ಲು. ಆಮೇಲೆ ತಲೆ ಆಡಿಸಿದ್ಲು, ಊರು ಉಸಿರು ಬಿಡ್ತು.

ಮನೆ ಸುತ್ತ ಮನುಷ್ಯರ ಬೆನ್ನಿನ ಗುರುತು. ಒಂದು ಅಗಲ, ಒಂದು ಗೂನು, ಒಂದರ ಕೆಳಗೆ ಕುಂತ ಮುದುಕಿಯದು. ಸಾರಣೆ ಮಾಡಿ ಸಮ ಮಾಡ್ತೀವಿ ಅಂದ್ರಂತೆ. ಆಯಮ್ಮ ಕೈ ಅಡ್ಡ ಹಿಡಿದು, ಇರಲಿ ಬಿಡ್ರಿ ಅಂದ್ಲು. ಕೂಸಿಗೆ ಎಣ್ಣೆ ಹಚ್ಚಿ ಎಳೆ ಬಿಸಿಲು ಕಾಯಿಸುವಾಗ ದುಗ್ಗಿ ತಾಯಿಯ ಬೆನ್ನಿನ ಗುರುತಿಗೇ ಒರಗಿ ಕುಂತ್ಕೊಳ್ತಿದ್ಲಂತೆ. ಆ ಕೂಸು ಹೆಣ್ಣು, ಉಳೀತು, ಬೆಳೀತು, ಅದಕ್ಕೂ ಮಕ್ಕಳಾದ್ವು. ಈ ಊರಾಗೆ ಅರ್ಧ ಜನ ನಾವು ಅದರ ವಂಶದೋರು ಅಂಬ್ತಾರೆ. ಉಳಿದರ್ಧ ನಾವು ಬೆನ್ನು ಕೊಟ್ಟೋರ ವಂಶ ಅಂಬ್ತಾರೆ.

ಗುಜ್ಜಾರಪ್ಪ ಮಾತ್ರ ತಲೆ ಎತ್ತಲಿಲ್ಲ. ನಾನು ಆ ಮುದ್ದೆ ಇಟ್ಟಿದ್ದಕ್ಕೇ ಹಿಂಗಾಯ್ತು ಅಂತ ಆಯಮ್ಮನ ಕಾಲು ಹಿಡಿಯಾಕೆ ಬಂದ. ಬೋರಕ್ಕ ಅವನನ್ನ ಎಬ್ಬಿಸಿ ಹೇಳಿದ ಮಾತು ಇವತ್ತಿಗೂ ನಮ್ಮ ಬಾಯಾಗೆ ಐತೆ.

"ನಿಂದಲ್ಲಪ್ಪ ತಪ್ಪು. ನೀನು ಬರಲ್ಲ ಅಂದ್ಕೊಂಡು ಗೋಡೆ ಮುಚ್ಚಿಬಿಟ್ಟೆ ನಾನು. ನಿನ್ನ ಜಾಗ ಬಿಟ್ಟಿರಬೇಕಿತ್ತು."

ಆಯಮ್ಮ ಎಂದೋ ಸತ್ಲು. ಮನೆಯೂ ಯಾವಾಗಲೋ ಮಣ್ಣಾಗಿ ಹೋಯ್ತು. ಕೆರೆ ಕೋಡಿ ಹತ್ರ ಒಂದು ದಿಬ್ಬ ಐತಲ್ಲ, ಅದೇ ಅಂಬ್ತಾರೆ. ಈ ಊರಾಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಇವತ್ತಿಗೂ ಆ ದಿಬ್ಬಕ್ಕೆ ಒಂದು ಗಳಿಗೆ ಬೆನ್ನು ಕೊಟ್ಟು ಕುಂತು ಬರ್ತಾರೆ. ಯಾರ ಮನೆ ಗೋಡೆ ಎದ್ರೂ, ಹೋಗೋ ಮುಂಚೆ ಎಲ್ಲರೂ ಬೆನ್ನು ಕೊಟ್ಟು ಮಾತಿಲ್ಲದೆ ನಿಲ್ತೀವಿ. ಮೊನ್ನೆ ಸಿಮೆಂಟ್ ಮನೆಗೂ ನಿಂತ್ವಿ. ಪ್ಯಾಟೆ ಮೇಸ್ತ್ರಿ ನಕ್ಕ. ನಗಲಿ, ಆಮೇಲೆ ಅವನೂ ಬಂದು ನಿಂತ.

ಮೊದಲ ವರಸೆಯಾಗೆ ಒಂದು ಮುದ್ದೆ ಜಾಗ ಬಿಡೋದೂ ಆವತ್ತಿಂದಲೇ. ಹೊತ್ತು ಮುಳುಗೋ ತನಕ ಅದನ್ನ ಯಾರೂ ಮುಚ್ಚಂಗಿಲ್ಲ. ಬರಬೇಕಾದೋರು ಬಂದ್ರೆ ಅವರ ಕೈ ಮಣ್ಣು. ಬರದಿದ್ರೆ ಮನೆಯೋಳು ತಾನೇ ಮುಚ್ಚಿಕೊಳ್ಳಬೇಕು, ಅದು ಬಾಳ ಕಷ್ಟದ ಕೆಲಸ. ತಿಳೀತಾ ತಿಪ್ಪೇಸ, ಯಾಕೆ ಕೂಗಿದೆ ಅಂತ?

ಕೆಳಗಲ ಓಣಿಯಿಂದ ನಮ್ಮ ಓರಗಿತ್ತಿ ಇನ್ನೂ ಬಂದಿಲ್ಲ. ಅವಳು ಸೊಸೆಯಾಗಿ ಬಂದಾಗ ಅವಳ ಕೋಣೆಗೆ ಕೆಸರು ತುಳಿದೋಳು ನಾನೇ. ಆಮೇಲೆ ಏನೇನೋ ಆಯ್ತು, ಅವಳೊಂದು ಅಂದ್ಲು, ನಾನೊಂದು ಅಂದೆ. ಈ ಹೊತ್ತಿಗೆ ಅವಳೂ ಹಿತ್ತಲಾಗೆ ಹೋಗ್ಲೋ ಬ್ಯಾಡ್ವೋ ಅಂತ ಸುತ್ತಾಡ್ತಿರಬೇಕು. ಹೊತ್ತು ಮುಳುಗಾಕೆ ಇನ್ನೂ ಒಂದು ಮಾರು ಐತೆ. ಆ ಸಂದಿನ ಸುತ್ತ ಒಂದೀಟು ನೀರು ಚಿಮುಕಿಸಪ್ಪ, ಅಂಚು ಒಣಗದಂಗೆ.